ಹಳೆಯ ವಾಹನಕ್ಕೆ ಹೊಸ ತಂತಿ: ಪಂಚಾಯತ್ ಟ್ರ್ಯಾಕ್ಟರಿನ ಮರುವೈರಿಂಗಿಗೆ ತಕ್ಕ ವೈರಿನ ಆಯ್ಕೆ

(ಗ್ರಾಮ ಪಂಚಾಯತ್ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬೆಳಗಿನಿಂದ ತಾವು ತೆರಿಗೆ, ಕುಡಿಯುವ ನೀರು, ಕ್ರಿಯಾ ಯೋಜನೆಗಳಂತಹ ದೊಡ್ಡ ವಿಷಯಗಳನ್ನು ಆಲಿಸಿದ್ದೀರಿ. ನನಗೆ ವಹಿಸಿರುವ ವಿಷಯ ಅವುಗಳ ಮುಂದೆ ಬಹಳ ಸಣ್ಣದು. ಹಳೆಯ ವಾಹನಕ್ಕೆ ಹೊಸದಾಗಿ ವೈರಿಂಗ್ ಮಾಡಿಸುವಾಗ ಎಂತಹ ತಂತಿಯನ್ನು ಆರಿಸಬೇಕು ಎಂಬುದಷ್ಟೇ ಈ ಉಪನ್ಯಾಸದ ವಸ್ತು. ಇದು ಮೆಕ್ಯಾನಿಕನ ಕೆಲಸ, ಸದಸ್ಯರಿಗೆ ಇದರ ಗೊಡವೆ ಏಕೆ ಎಂದು ಕೆಲವರಿಗಾದರೂ ಅನ್ನಿಸಿರಬಹುದು. ಆದರೆ ಪಂಚಾಯತಿಯ ಟ್ರ್ಯಾಕ್ಟರ್ ದುರಸ್ತಿಗೆ ಹೋದಾಗ ಸಭೆಯ ಮುಂದೆ ಬರುವ ದರಪಟ್ಟಿಯನ್ನು ನೆನಪಿಸಿಕೊಳ್ಳಿ. ಅದರಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: 'ಪೂರ್ಣ ವೈರಿಂಗ್ ಕೆಲಸ, 1.' ಯಾವ ವೈರು, ಎಷ್ಟು ದಪ್ಪ, ಎಷ್ಟು ಮೀಟರ್, ಫ್ಯೂಸ್ ಉಂಟೋ ಇಲ್ಲವೋ, ಯಾವುದೂ ಅದರಲ್ಲಿ ಕಾಣುವುದಿಲ್ಲ. ಮೂರು ದರಪಟ್ಟಿಗಳಲ್ಲಿ ಕಡಿಮೆ ದರದ್ದನ್ನು ಒಪ್ಪಿ ಸಹಿ ಮಾಡುತ್ತೇವೆ. ಆ ಮೂರೂ ಒಂದೇ ಬಗೆಯ ಕೆಲಸಕ್ಕೆ ಕೊಟ್ಟ ದರಗಳೇ ಎಂಬುದನ್ನು ತಿಳಿಯುವ ದಾರಿಯೇ ನಮಗೆ ಇರುವುದಿಲ್ಲ. ತಂತಿಯ ಆಯ್ಕೆ ನಿಜವಾಗಿ ನಡೆಯುವುದು ಗ್ಯಾರೇಜಿನಲ್ಲಿ ಅಲ್ಲ, ನಿಮ್ಮ ನಡಾವಳಿ ಪುಸ್ತಕದಲ್ಲಿ.

ಮಾತು ಸ್ಪಷ್ಟವಾಗಲೆಂದು ಒಂದೇ ವಾಹನವನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ: ನೀರಿನ ಟ್ಯಾಂಕರನ್ನೋ ಕಸದ ಟ್ರೈಲರನ್ನೋ ಎಳೆಯುವ, 12 ವೋಲ್ಟ್ ಬ್ಯಾಟರಿಯ, ಹದಿನೈದು ಇಪ್ಪತ್ತು ವರ್ಷ ದುಡಿದ ಟ್ರ್ಯಾಕ್ಟರ್. ಹಳೆಯ ಜೀಪಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುವುದರಿಂದ ಅಲ್ಲಿ ಪ್ರವಾಹ ಅರ್ಧವಾಗುತ್ತದೆ. ಇತ್ತೀಚಿನ ಸ್ವಚ್ಛವಾಹಿನಿಗಳನ್ನು ಮಾತ್ರ ಈ ಮಾತಿನಿಂದ ಹೊರಗಿಡೋಣ. ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಹೊಸ ವಾಹನಗಳ ವೈರುಗಳನ್ನು ಊರಿನ ಗ್ಯಾರೇಜಿನಲ್ಲಿ ಕತ್ತರಿಸಿ ಕೂಡಿಸುವುದು ಸರಿಯಲ್ಲ; ತಯಾರಕರ ಸಿದ್ಧ ವೈರಿಂಗ್ ಕಟ್ಟನ್ನೇ ಹಾಕಿಸಬೇಕು. ಹಳೆಯ ಟ್ರ್ಯಾಕ್ಟರಿಗೂ ಅಂತಹ ಸಿದ್ಧ ಕಟ್ಟು ಸಿಗುವುದೇ ಎಂದು ಮೊದಲು ವಿಚಾರಿಸಿ. ಸಿಕ್ಕರೆ ಅದನ್ನೇ ಕೊಳ್ಳಿ, ಮುಂದಿನ ಅರ್ಧ ತೊಂದರೆ ಅಲ್ಲಿಗೇ ತಪ್ಪುತ್ತದೆ. ಸಿಗದಿದ್ದಾಗ ಏನು ಮಾಡಬೇಕೆಂಬುದು ಇಂದಿನ ಮಾತು.

ಹಳೆಯ ವೈರಿಂಗ್ ಕೆಡುವುದು ಒಂದು ದಿನದಲ್ಲಲ್ಲ. ಎಂಜಿನ್ನಿನ ಬಿಸಿಗೆ ತಂತಿಯ ಹೊದಿಕೆ ವರ್ಷಗಟ್ಟಲೆ ಒಣಗಿ ಗಟ್ಟಿಯಾಗುತ್ತದೆ, ಬಗ್ಗಿಸಿದರೆ ಬಿರುಕು ಬಿಡುತ್ತದೆ. ಡೀಸೆಲ್ ಮತ್ತು ಎಣ್ಣೆ ತಾಗಿದ ಕಡೆ ಅದೇ ಹೊದಿಕೆ ಮೆತ್ತಗಾಗಿ ಉಬ್ಬುತ್ತದೆ. ತುದಿಗಳಲ್ಲಿ ನೀರು ಸೇರಿ ತಾಮ್ರ ಹಸಿರುಗಟ್ಟುತ್ತದೆ, ಆ ಕಿಲುಬು ಹೊದಿಕೆಯ ಒಳಗೇ ಗೇಣುದ್ದ ಹಬ್ಬಿರುತ್ತದೆ. ಹೊರಗಿನಿಂದ ನೋಡಿದರೆ ತಂತಿ ಚೆನ್ನಾಗಿಯೇ ಕಾಣುತ್ತದೆ. ಇದರ ಮೇಲೆ ಹತ್ತು ವರ್ಷಗಳ ತೇಪೆಗಳು: ಹಾರ್ನಿಗೊಂದು, ಹಾಡಿನ ಪೆಟ್ಟಿಗೆಗೊಂದು, ಜಯಂತಿಯ ಮೆರವಣಿಗೆಯ ದೀಪಕ್ಕೊಂದು. ಶೆಡ್ಡಿನಲ್ಲಿ ನಿಂತ ವಾಹನವಾದರೆ ಇಲಿಗಳ ಕೊಡುಗೆ ಬೇರೆ. ಇಂತಹ ಕಡೆ ಒಂದು ತುಂಡನ್ನು ಬದಲಿಸಿದರೆ ಪಕ್ಕದ ತುಂಡು ಕೈಕೊಡುತ್ತದೆ; ಪೂರ್ತಿ ಬದಲಿಸುವುದೇ ಅಗ್ಗ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಗ್ಯಾರೇಜಿನಲ್ಲಿ ಪದೇಪದೇ ಕೇಳಿಬರುವ ಒಂದು ವಾದವುಂಟು: 'ಮನೆಯ ವೈರಿನ ಮೇಲೆ 1100 ವೋಲ್ಟ್ ಎಂದು ಬರೆದಿದೆ. ಅಷ್ಟನ್ನು ತಡೆಯುವ ವೈರು ಟ್ರ್ಯಾಕ್ಟರಿನ 12 ವೋಲ್ಟನ್ನು ತಡೆಯದೇ?' ಕೇಳಲು ಸರಿಯಾಗಿಯೇ ಇದೆ. ಆದರೆ ವೈರಿನ ಮೇಲೆ ಬರೆದ ವೋಲ್ಟು ಹೊದಿಕೆಯ ಶಕ್ತಿಯನ್ನು ಹೇಳುತ್ತದೆಯೇ ಹೊರತು ಒಳಗಿನ ತಾಮ್ರದ ಶಕ್ತಿಯನ್ನಲ್ಲ. ತಾಮ್ರವನ್ನು ಬಿಸಿ ಮಾಡುವುದು ಆಂಪಿಯರ್, ಅಂದರೆ ವಿದ್ಯುತ್ ಪ್ರವಾಹ. ಮನೆಯಲ್ಲಿ 230 ವೋಲ್ಟಿನಲ್ಲಿ ಉರಿಯುವ 60 ವ್ಯಾಟಿನ ಬಲ್ಬು ಎಳೆಯುವುದು ಕಾಲು ಆಂಪಿಯರಿಗಿಂತ ತುಸು ಹೆಚ್ಚು. ಅದೇ 60 ವ್ಯಾಟಿನ ಹೆಡ್‌ಲೈಟ್ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ವ್ಯಾಟ್ ಒಂದೇ, ಪ್ರವಾಹ ಹತ್ತೊಂಬತ್ತು ಪಟ್ಟು. ವೋಲ್ಟ್ ಕಡಿಮೆಯಾದಷ್ಟೂ ತಂತಿ ದಪ್ಪವಾಗಬೇಕು ಎಂಬ ಈ ಒಂದು ಮಾತನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಬಿಸಿಯಾಗುವುದು ಒಂದು ಅಪಾಯವಾದರೆ, ದಾರಿಯಲ್ಲಿ ವೋಲ್ಟ್ ಸೋರಿಹೋಗುವುದು ಇನ್ನೊಂದು. ಉದ್ದನೆಯ ಸಣ್ಣ ಪೈಪಿನಲ್ಲಿ ನೀರು ಹರಿಸಿದರೆ ಕೊನೆಯ ನಲ್ಲಿಯಲ್ಲಿ ಒತ್ತಡ ಇರುವುದಿಲ್ಲ ಎಂಬುದನ್ನು ನೀರು ಸರಬರಾಜು ಮಾಡುವ ನಿಮಗೆ ನಾನು ಹೇಳಬೇಕಾಗಿಲ್ಲ. ತಂತಿಯಲ್ಲೂ ಹಾಗೆಯೇ. ಲೆಕ್ಕ ಬಹಳ ಸುಲಭ, ಬರೆದುಕೊಳ್ಳಿ: ಮೀಟರಿನಲ್ಲಿ ಉದ್ದವನ್ನು ಆಂಪಿಯರಿನಿಂದ ಗುಣಿಸಿ, ಅದನ್ನು 0.018ರಿಂದ ಗುಣಿಸಿ, ತಂತಿಯ ಅಡ್ಡಕೊಯ್ತದ ಚದರ ಮಿಲಿಮೀಟರಿನಿಂದ ಭಾಗಿಸಿದರೆ ಎಷ್ಟು ವೋಲ್ಟ್ ನಷ್ಟವಾಗುತ್ತದೆಂದು ತಿಳಿಯುತ್ತದೆ. ಇದು ಶುದ್ಧ ತಾಮ್ರದ ಲೆಕ್ಕ.

ಹೆಡ್‌ಲೈಟನ್ನೇ ನೋಡೋಣ. 60 ವ್ಯಾಟಿನ ಎರಡು ಬಲ್ಬುಗಳಿಗೆ 10 ಆಂಪಿಯರ್. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ಮುಂದಿನ ದೀಪಕ್ಕೆ ಹೋಗುವ ದಾರಿ ಸುಮಾರು 6 ಮೀಟರ್ ಎಂದಿಟ್ಟುಕೊಳ್ಳಿ. 1 ಚದರ ಮಿ.ಮೀ. ತಂತಿ ಹಾಕಿದರೆ ನಷ್ಟ 1.08 ವೋಲ್ಟ್, ಅಂದರೆ ಶೇ. 9. ಶೇ. 9 ತಾನೇ ಎಂದು ಬಿಡುವಂತಿಲ್ಲ. ತಂತುವುಳ್ಳ ಬಲ್ಬಿನ ಬೆಳಕು ವೋಲ್ಟಿಗಿಂತ ಬಹಳ ವೇಗವಾಗಿ ಕುಸಿಯುತ್ತದೆ, ಶೇ. 9ರಷ್ಟು ವೋಲ್ಟ್ ಕಡಿಮೆಯಾದರೆ ಬೆಳಕಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಹೋಗುತ್ತದೆ. ಚಾಲಕ ಬಂದು 'ದೀಪ ಮಂಕು, 100 ವ್ಯಾಟಿನ ಬಲ್ಬು ಹಾಕಿಸಿ' ಎನ್ನುತ್ತಾನೆ. ಹಾಕಿಸಿದರೆ ಪ್ರವಾಹ ಇನ್ನೂ ಹೆಚ್ಚಿ, ನಷ್ಟವೂ ಹೆಚ್ಚಿ, ಸ್ವಿಚ್ಚು ಕರಗುತ್ತದೆ. ಅದೇ ಜಾಗಕ್ಕೆ 2.5 ಚದರ ಮಿ.ಮೀ. ತಂತಿ ಹಾಕಿದ್ದರೆ ನಷ್ಟ 0.43 ವೋಲ್ಟಿಗೆ ಇಳಿಯುತ್ತಿತ್ತು.

ಇದಕ್ಕಿಂತ ಉತ್ತಮವಾದ ದಾರಿ ರಿಲೇ ಬಳಸುವುದು. ದೀಪದ ಹತ್ತಿರ ಒಂದು ರಿಲೇ ಇಟ್ಟು, ಬ್ಯಾಟರಿಯಿಂದ ಫ್ಯೂಸಿನ ಮೂಲಕ 2.5 ಚದರ ಮಿ.ಮೀ. ತಂತಿಯನ್ನು ನೇರವಾಗಿ ತಂದರೆ ದಾರಿ 3 ಮೀಟರಿಗೆ ಇಳಿಯುತ್ತದೆ, ನಷ್ಟ ಕಾಲು ವೋಲ್ಟಿಗಿಂತಲೂ ಕಡಿಮೆ. ಡ್ಯಾಶ್‌ಬೋರ್ಡಿನ ಹಳೆಯ ಸ್ವಿಚ್ಚು ರಿಲೇಯನ್ನು ಎಬ್ಬಿಸುವ ಅಲ್ಪ ಪ್ರವಾಹವನ್ನಷ್ಟೇ ಹೊರುತ್ತದೆ, ಅದಕ್ಕೆ ಸಣ್ಣ ತಂತಿ ಧಾರಾಳ. ರಿಲೇ ದುಬಾರಿ ವಸ್ತುವೂ ಅಲ್ಲ. ಆದರೂ ನಮ್ಮ ಕಡೆಯ ಮರುವೈರಿಂಗ್ ಕೆಲಸಗಳಲ್ಲಿ ಅದನ್ನು ಕಾಣುವುದು ಅಪರೂಪ, ಏಕೆಂದರೆ ಯಾರೂ ಕೇಳುವುದಿಲ್ಲ.

ನನ್ನ ದೃಷ್ಟಿಯಲ್ಲಿ ಹೆಡ್‌ಲೈಟಿಗಿಂತ ದೊಡ್ಡ ವಿಷಯ ಟ್ರೈಲರಿನ ಹಿಂಬದಿ. ಮುಂದಿನ ದೀಪ ಮಂಕಾದರೆ ಚಾಲಕನಿಗೆ ತಿಳಿಯುತ್ತದೆ, ಆತ ದೂರು ಹೇಳುತ್ತಾನೆ. ಟ್ರೈಲರಿನ ಹಿಂದಿನ ಕೆಂಪು ದೀಪ ಆರಿಹೋದರೆ ಚಾಲಕನಿಗೆ ಕಾಣುವುದೇ ಇಲ್ಲ. ಅದನ್ನು ಕಾಣಬೇಕಾದವನು ಹಿಂದಿನಿಂದ ಬೈಕಿನಲ್ಲಿ ಬರುವ, ಬಹುಪಾಲು ನಮ್ಮದೇ ಊರಿನ ಹುಡುಗ. ಬೇಸಿಗೆಯಲ್ಲಿ ಟ್ಯಾಂಕರ್ ಹೊರಡುವುದು ನಸುಕಿನಲ್ಲಿ, ಕೊನೆಯ ಸರದಿ ಮುಗಿಯುವುದು ಕತ್ತಲಾದ ಮೇಲೆ. ಬೀದಿದೀಪವಿಲ್ಲದ ರಸ್ತೆಯ ಅಂಚಿನಲ್ಲಿ ನೀರು ಬಿಡುತ್ತಾ ನಿಂತ ಟ್ಯಾಂಕರಿಗೆ ಹಿಂದೆ ದೀಪವಿಲ್ಲದಿದ್ದರೆ ಅದು ರಸ್ತೆಗೆ ಅಡ್ಡ ಕಟ್ಟಿದ ಗೋಡೆಯಂತೆ. ಟ್ರೈಲರಿಗೆ ಹಿಂಬದಿಯ ಕೆಂಪು ದೀಪ ಹಾಗೂ ಪ್ರತಿಫಲಕಗಳು ಇರಬೇಕೆಂದು ಮೋಟಾರು ವಾಹನ ನಿಯಮಗಳು ಹೇಳುತ್ತವೆ. ದೀಪ ಇರುವುದು ಸುಲಭ, ಅದು ಉರಿಯುವಂತೆ ಉಳಿಸುವುದು ತಂತಿಯ ಕೆಲಸ.

ಇಲ್ಲಿ ಉದ್ದ ಹೆಚ್ಚು. ಬ್ಯಾಟರಿಯಿಂದ ಟ್ರೈಲರಿನ ಕೊನೆಯವರೆಗೆ 9 ಮೀಟರ್ ಸುಲಭವಾಗಿ ಆಗುತ್ತದೆ. ಹಿಂದಿನ ದೀಪಗಳು ತಲಾ 5 ವ್ಯಾಟ್, ಬ್ರೇಕ್ ದೀಪಗಳು ತಲಾ 21 ವ್ಯಾಟ್, ಇಂಡಿಕೇಟರುಗಳೂ ತಲಾ 21 ವ್ಯಾಟ್. ಎರಡು ಬ್ರೇಕ್ ದೀಪಗಳು ಸೇರಿ ಮೂರೂವರೆ ಆಂಪಿಯರ್. ಅರ್ಧ ಚದರ ಮಿ.ಮೀ. ತಂತಿಯಲ್ಲಿ ಕಳುಹಿಸಿದರೆ 1.1 ವೋಲ್ಟ್ ಹೋಯಿತು, 1.5 ಚದರ ಮಿ.ಮೀ. ತಂತಿಯಲ್ಲಿ 0.4 ವೋಲ್ಟಿನೊಳಗೆ ಮುಗಿಯುತ್ತದೆ. ಬಿಸಿಯ ದೃಷ್ಟಿಯಿಂದ ಅರ್ಧ ಚದರ ಮಿ.ಮೀ. ಸಾಕು, ವೋಲ್ಟಿನ ದೃಷ್ಟಿಯಿಂದ ಸಾಲದು. ದೂರದ ದೀಪಗಳಿಗೆ ದಪ್ಪವನ್ನು ನಿರ್ಧರಿಸುವುದು ಬಿಸಿಯಲ್ಲ, ಈ ನಷ್ಟ. ಇದಲ್ಲದೆ ಟ್ರೈಲರಿನ ಅಡಿಯಲ್ಲಿ ಕಲ್ಲು, ಮುಳ್ಳು, ಕಬ್ಬಿನ ಸೋಗೆ ತಾಗುವ ತಂತಿ ತೆಳ್ಳಗಿದ್ದರೆ ಹರಿದೇ ಹೋಗುತ್ತದೆ.

ಇನ್ನು ಅರ್ತಿನ ಮಾತು. ವಾಹನದಲ್ಲಿ ಪ್ರವಾಹ ಹೋಗಲು ತಂತಿ, ಮರಳಲು ಕಬ್ಬಿಣದ ಚಾಸಿಸ್ ಎಂಬುದು ಹಳೆಯ ಏರ್ಪಾಟು. ಟ್ರ್ಯಾಕ್ಟರಿನಲ್ಲಿ ಇದು ನಡೆಯುತ್ತದೆ. ಟ್ರೈಲರಿನಲ್ಲಿ ಪ್ರವಾಹ ಮರಳಬೇಕಾದದ್ದು ಕೊಂಡಿಯ ಪಿನ್ನಿನ ಮೂಲಕ; ತುಕ್ಕು, ಗ್ರೀಸು, ಮಣ್ಣು ತುಂಬಿದ, ಪ್ರತಿ ಹೆಜ್ಜೆಗೂ ಅಲುಗಾಡುವ ಆ ಪಿನ್ನನ್ನು ವಿದ್ಯುತ್ ದಾರಿಯೆಂದು ನಂಬುವುದು ತಪ್ಪು. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕುವುದು, ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪ ಕುಣಿಯುವುದು ಬಲ್ಬಿನ ದೋಷಗಳಲ್ಲ, ಅರ್ತು ಸಿಗದ ಪ್ರವಾಹ ಬೇರೆ ಬಲ್ಬಿನ ಮೂಲಕ ದಾರಿ ಹುಡುಕುತ್ತಿರುವುದರ ಗುರುತುಗಳು. ಆದ್ದರಿಂದ ಟ್ರ್ಯಾಕ್ಟರಿನಿಂದ ಟ್ರೈಲರಿಗೆ ಪ್ರತ್ಯೇಕವಾದ ಅರ್ತು ತಂತಿ ಇರಲೇಬೇಕು, ಅದೂ ಎಲ್ಲ ತಂತಿಗಳಿಗಿಂತ ದಪ್ಪವಾಗಿರಬೇಕು. ಹಿಂದಿನ ದೀಪ, ನಂಬರ್ ಪ್ಲೇಟಿನ ದೀಪ, ಬ್ರೇಕ್, ಇಂಡಿಕೇಟರ್ ಎಲ್ಲವುಗಳ ಪ್ರವಾಹವೂ, ಒಟ್ಟು 8 ಆಂಪಿಯರ್‌ವರೆಗೆ, ಮರಳುವುದು ಅದೊಂದರಲ್ಲೇ. ಅದಕ್ಕೆ 2.5 ಚದರ ಮಿ.ಮೀ. ಹಾಕಿಸಿ. ಏಳು ಪಿನ್ನಿನ ಟ್ರೈಲರ್ ಸಾಕೆಟ್ಟಿನಲ್ಲಿ ಅಂತರರಾಷ್ಟ್ರೀಯ ಕ್ರಮದಂತೆ 3ನೆಯ ಪಿನ್ ಅರ್ತಿಗೇ ಮೀಸಲು. ಎಲ್ಲ ಟ್ರೈಲರುಗಳಿಗೂ ಒಂದೇ ಕ್ರಮ ಇಟ್ಟುಕೊಂಡರೆ ಕಸದ ಟ್ರೈಲರ್ ಬಿಚ್ಚಿ ಟ್ಯಾಂಕರ್ ಕಟ್ಟಿದಾಗ ಎಡದ ಇಂಡಿಕೇಟರಿಗೆ ಬಲದ್ದು ಉರಿಯುವ ವಿಚಿತ್ರ ತಪ್ಪುತ್ತದೆ.

ಸ್ಟಾರ್ಟರ್ ಮೋಟಾರಿನ ಕೇಬಲ್ ಬೇರೆಯದೇ ಲೋಕ. ಟ್ರ್ಯಾಕ್ಟರನ್ನು ಎಬ್ಬಿಸುವಾಗ ಅದು 200 ಆಂಪಿಯರಿಗೂ ಮೀರಿ ಎಳೆಯಬಹುದು. ಒಂದೂವರೆ ಮೀಟರ್ ಉದ್ದಕ್ಕೆ 50 ಚದರ ಮಿ.ಮೀ. ಕೇಬಲ್ ಹಾಕಿದರೆ 250 ಆಂಪಿಯರಿಗೂ ನಷ್ಟ 0.14 ವೋಲ್ಟಿನೊಳಗೆ. ಅದರ ಜಾಗದಲ್ಲಿ ಅಗ್ಗದ 16 ಚದರ ಮಿ.ಮೀ. ಬಂದರೆ 0.4 ವೋಲ್ಟ್ ದಾಟುತ್ತದೆ, ಅರ್ತು ಪಟ್ಟಿಯೂ ಅಷ್ಟೇ ಸಣ್ಣದಾಗಿದ್ದರೆ ಎರಡು ಪಟ್ಟು. ಚಳಿಯ ಬೆಳಿಗ್ಗೆ ಬ್ಯಾಟರಿಯ ವೋಲ್ಟ್ ಮೊದಲೇ ಕುಸಿದಿರುವಾಗ ಇಷ್ಟು ಸಾಕು, ಟ್ರ್ಯಾಕ್ಟರ್ ನರಳಿ ನಿಲ್ಲುತ್ತದೆ. ಬ್ಯಾಟರಿ ಹೋಯಿತು ಎಂಬ ತೀರ್ಮಾನವಾಗಿ ಹೊಸ ಬ್ಯಾಟರಿಯ ವೋಚರ್ ತಯಾರಾಗುತ್ತದೆ. ಬ್ಯಾಟರಿ ಬದಲಿಸುವ ಮುನ್ನ ಕೇಬಲ್ಲನ್ನೂ ಅರ್ತು ಪಟ್ಟಿಯನ್ನೂ ಪರೀಕ್ಷಿಸಿದ್ದಾರೆಯೇ ಎಂದು ಕೇಳುವ ಹಕ್ಕು ಸದಸ್ಯರಿಗಿದೆ.

ಹಳೆಯ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿದವರು ಒಂದು ಅಂಶವನ್ನು ಗಮನಿಸಬೇಕು. ಹಳೆಯ ಡೈನಮೋ ಕೊಡುತ್ತಿದ್ದುದು 20 ಆಂಪಿಯರಿನ ಆಸುಪಾಸು, ಆಗಿನ ತಂತಿ ಅದಕ್ಕೆ ತಕ್ಕದ್ದು. 36 ಆಂಪಿಯರಿನ ಆಲ್ಟರ್ನೇಟರಿಗೆ ಆ ತಂತಿಯನ್ನೇ ಉಳಿಸಿದರೆ ಅದು ಬೇಯುತ್ತದೆ. 6 ಚದರ ಮಿ.ಮೀ., ದಾರಿ ಉದ್ದವಾಗಿದ್ದರೆ 10 ಬೇಕು. ಡ್ಯಾಶ್‌ಬೋರ್ಡಿನಲ್ಲಿ ಆಮೀಟರ್ ಇರುವ ವಾಹನಗಳಲ್ಲಿ ಈ ಇಡೀ ಪ್ರವಾಹ ಚಾಲಕನ ಮುಂದಿನವರೆಗೆ ಬಂದು ಹೋಗುತ್ತದೆ, ಬಹಳ ಸಲ ಫ್ಯೂಸೇ ಇಲ್ಲದೆ. ತಗಡಿನ ತೂತಿನಲ್ಲಿ ಆ ತಂತಿ ಉಜ್ಜಿ ಹೊದಿಕೆ ಹರಿದರೆ ಬ್ಯಾಟರಿಯ ಪೂರ್ಣ ಶಕ್ತಿ ಆ ಒಂದು ಬಿಂದುವಿನಲ್ಲಿ ಹರಿಯುತ್ತದೆ. ಹಿಂದೆ ಒಣ ಕಸವೋ ಹುಲ್ಲೋ ತುಂಬಿದ ಟ್ರೈಲರ್, ಪಕ್ಕದಲ್ಲಿ ಡೀಸೆಲ್ ಕೊಳವೆ.

ಈ ಕಾರಣಕ್ಕೆ ಫ್ಯೂಸಿನ ಬಗ್ಗೆ ಎರಡು ಮಾತು. ಫ್ಯೂಸ್ ಇರುವುದು ಬಲ್ಬನ್ನು ಕಾಯಲಿಕ್ಕಲ್ಲ, ತಂತಿಯನ್ನು ಕಾಯಲು. ಆದ್ದರಿಂದ ಅದರ ಸ್ಥಾನ ಬ್ಯಾಟರಿಯ ಹತ್ತಿರ, ಅದರ ಅಳತೆ ತಂತಿಯ ಸಾಮರ್ಥ್ಯಕ್ಕಿಂತ ಕಡಿಮೆ. ಬಿಸಿ ಎಂಜಿನ್ನಿನ ಪಕ್ಕದಲ್ಲಿ, ಹಲವು ತಂತಿಗಳು ಒಟ್ಟಾಗಿ ಕಟ್ಟಿರುವ ಸ್ಥಿತಿಯಲ್ಲಿ, 1 ಚದರ ಮಿ.ಮೀ.ಗೆ 7.5 ಆಂಪಿಯರ್, 1.5ಕ್ಕೆ 10, 2.5ಕ್ಕೆ 15, 4ಕ್ಕೆ 25 ಎಂದು ಇಟ್ಟುಕೊಂಡರೆ ನಿಶ್ಚಿಂತೆ. ಪುಸ್ತಕಗಳಲ್ಲಿ ಇದಕ್ಕಿಂತ ಹೆಚ್ಚಿನ ಅಂಕಿಗಳು ಸಿಗುತ್ತವೆ. ನಮ್ಮ ಬೇಸಿಗೆಗೂ ನಮ್ಮ ನಿರ್ವಹಣೆಗೂ ಈ ಅಂಕಿಗಳೇ ತಕ್ಕವು ಎಂಬುದು ನನ್ನ ಅಭಿಪ್ರಾಯ. ಬ್ರಿಟಿಷ್ ಮೂಲದ ಹಳೆಯ ವಾಹನಗಳಲ್ಲಿ ಗಾಜಿನ ಫ್ಯೂಸಿನ ಮೇಲೆ 35 ಎಂದು ಬರೆದಿದ್ದರೆ ಅದು ಸುಟ್ಟುಹೋಗುವ ಅಂಕಿ, ನಿರಂತರವಾಗಿ ಹೊರುವುದು ಅದರ ಅರ್ಧ ಮಾತ್ರ. ಅದನ್ನು ತಿಳಿಯದೆ ಇಂದಿನ ಮಾದರಿಯ 35 ಆಂಪಿಯರ್ ಫ್ಯೂಸ್ ಹಾಕಿದರೆ ರಕ್ಷಣೆಯೇ ಇಲ್ಲದಂತಾಗುತ್ತದೆ. ಸುಟ್ಟ ಫ್ಯೂಸಿಗೆ ತಾಮ್ರದ ಎಳೆ ಸುತ್ತುವ, ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ತುರುಕುವ ಜಾಣತನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದಾರು ಹೆಚ್ಚುವರಿ ಫ್ಯೂಸುಗಳನ್ನು ವಾಹನದಲ್ಲೇ ಇಡಿಸಿ, ಆ ಜಾಣತನಕ್ಕೆ ಅವಕಾಶವೇ ಇರುವುದಿಲ್ಲ.

ಇಷ್ಟು ದಪ್ಪದ ಮಾತಾಯಿತು. ಇನ್ನು ತಂತಿಯ ಜಾತಿ. ಇದರಲ್ಲಿ ನ್ಯಾಯವಾಗಿ ಹೇಳಬೇಕಾದದ್ದೊಂದಿದೆ: ಇಂದಿನ ಬಹುಎಳೆಯ ಮನೆ ವೈರಿನ ಒಳಗಿನ ತಾಮ್ರ ಕೆಟ್ಟದ್ದೇನಲ್ಲ. 2.5 ಚದರ ಮಿ.ಮೀ. ವೈರಿನಲ್ಲಿ 0.3 ಮಿ.ಮೀ.ನ 36 ಎಳೆಗಳಿರುತ್ತವೆ, ವಾಹನದ ವೈರಿನ ರಚನೆಯೂ ಹೆಚ್ಚು ಕಡಿಮೆ ಅದೇ. ಭೇದ ಇರುವುದು ಹೊದಿಕೆಯಲ್ಲಿ. ಮನೆಯ ಸಾಮಾನ್ಯ ಪಿವಿಸಿ ವೈರು 70 ಡಿಗ್ರಿ ಸೆಲ್ಸಿಯಸ್ ಬಿಸಿಗೆ ತಯಾರಾದದ್ದು, ಗೋಡೆಯೊಳಗೆ ಅಲುಗಾಡದೆ ಮಲಗಲು. ವಾಹನದ ವೈರು ದರ್ಜೆಗೆ ತಕ್ಕಂತೆ 85ರಿಂದ 105 ಡಿಗ್ರಿವರೆಗೆ ತಾಳಬೇಕು, ಡೀಸೆಲ್ಲು ಎಣ್ಣೆಗಳನ್ನು ತಡೆಯಬೇಕು, ದಿನವಿಡೀ ನಡುಗಬೇಕು. ಮನೆಯ ವೈರನ್ನು ಎಂಜಿನ್ನಿನ ಬಳಿ ಹಾಕಿದರೆ ಎರಡು ಬೇಸಿಗೆಗಳಲ್ಲಿ ಹೊದಿಕೆ ಹಪ್ಪಳದಂತಾಗುತ್ತದೆ. ಒಂದೇ ಗಟ್ಟಿ ಎಳೆಯ ವೈರನ್ನಂತೂ ವಾಹನದ ಹತ್ತಿರಕ್ಕೂ ತರಬಾರದು. ನಡುಕಕ್ಕೆ ಅದು ಹೊದಿಕೆಯ ಒಳಗೇ ತುಂಡಾಗುತ್ತದೆ, ಎಲ್ಲಿ ತುಂಡಾಗಿದೆ ಎಂದು ಹುಡುಕುವುದರಲ್ಲಿ ದಿನ ಕಳೆಯುತ್ತದೆ. ಮೋಟಾರು ವಾಹನಗಳ ಕೇಬಲ್ಲಿಗೆಂದೇ ಭಾರತೀಯ ಮಾನಕ ಐಎಸ್ 2465 ಇದೆ. ಮನೆಯ ವೈರಿನ ಮಾನಕ ಐಎಸ್ 694. ಸುರುಳಿಯ ಮೇಲೆ ಯಾವ ಸಂಖ್ಯೆ ಇದೆ ಎಂದು ನೋಡಲು ಎಂಜಿನಿಯರೇ ಆಗಬೇಕಿಲ್ಲ.

ಆಟೋ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಚದರ ಮಿಲಿಮೀಟರಿನ ಬದಲು ಎಳೆಗಳ ಲೆಕ್ಕದಲ್ಲಿ ಮಾತನಾಡುವುದುಂಟು: ಹದಿನಾಲ್ಕು ಎಳೆ, ಇಪ್ಪತ್ತೆಂಟು ಎಳೆ, ನಲವತ್ತನಾಲ್ಕು ಎಳೆ. ಇದು ಇಂಗ್ಲಿಷರ ಕಾಲದ ಪದ್ಧತಿಯ ಉಳಿಕೆ, ತಪ್ಪೇನಲ್ಲ. ಎಳೆ 0.3 ಮಿ.ಮೀ. ದಪ್ಪವಿದ್ದರೆ ಕ್ರಮವಾಗಿ 1, 2 ಮತ್ತು 3 ಚದರ ಮಿ.ಮೀ. ಆಗುತ್ತವೆ. ಆದರೆ ಎಳೆಯೇ ತೆಳ್ಳಗಿದ್ದರೆ? 0.2 ಮಿ.ಮೀ.ನ 28 ಎಳೆಗಳು ಸೇರಿದರೂ 1 ಚದರ ಮಿ.ಮೀ. ಆಗುವುದಿಲ್ಲ. ಎಳೆ ಎಣಿಸಿ ಕೊಟ್ಟರು ಎಂದು ಸಮಾಧಾನಪಡುವಂತಿಲ್ಲ. ಹೊದಿಕೆಯನ್ನು ದಪ್ಪ ಮಾಡಿ ತಾಮ್ರವನ್ನು ಸಣ್ಣ ಮಾಡಿದ ವೈರುಗಳೂ ಮಾರುಕಟ್ಟೆಯಲ್ಲಿವೆ, ಹೊರಗಿನ ದಪ್ಪ ನೋಡಿ ಕೊಳ್ಳುವವರಿಗಾಗಿ.

ಇದಕ್ಕಿಂತ ದೊಡ್ಡ ಮೋಸ ತಾಮ್ರ ಲೇಪಿತ ಅಲ್ಯೂಮಿನಿಯಂ ವೈರು. ನೋಡಲು ಕೆಂಪು, ಒಳಗೆ ಬಿಳಿ. ಅಲ್ಯೂಮಿನಿಯಂ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಪ್ರತಿರೋಧ ಒಡ್ಡುತ್ತದೆ, ಬಗ್ಗಿಸಿದಲ್ಲಿ ಮುರಿಯುತ್ತದೆ, ಜೋಡಣೆಯಲ್ಲಿ ಸಡಿಲವಾಗಿ ಬಿಸಿಯಾಗುತ್ತದೆ. ಇದನ್ನು ಪತ್ತೆ ಹಚ್ಚಲು ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದು ನೋಡಿದರೆ ಸಾಕು, ಬಿಳಿ ಕಾಣುತ್ತದೆ. ಇನ್ನೂ ಖಚಿತವಾಗಬೇಕಾದರೆ ತೂಗಿ ನೋಡಿ. 1 ಚದರ ಮಿ.ಮೀ. ತಾಮ್ರದ ತಂತಿ 1 ಮೀಟರಿಗೆ ಸುಮಾರು 9 ಗ್ರಾಂ ತೂಗುತ್ತದೆ. ಹಾಗಾದರೆ 2.5 ಚದರ ಮಿ.ಮೀ. ಎಂದು ಮಾರಿದ ವೈರಿನ 1 ಮೀಟರ್ ತುಂಡಿನ ಹೊದಿಕೆ ಸುಲಿದು ಬರೀ ಎಳೆಗಳನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟರೆ 22 ಗ್ರಾಂ ಇರಬೇಕು. 15 ಗ್ರಾಂ ಬಂದರೆ ತಾಮ್ರ ಕದ್ದಿದ್ದಾರೆ. 8 ಗ್ರಾಂ ಬಂದರೆ ಅದು ತಾಮ್ರವೇ ಅಲ್ಲ. ಹಣ ಪಾವತಿಗೆ ಮುನ್ನ ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ಅಗ್ಗವಾದದ್ದನ್ನು ನಾನು ಕಂಡಿಲ್ಲ.

ಬಣ್ಣದ ವಿಷಯವನ್ನು ಬಹಳ ಜನ ಅಲಂಕಾರವೆಂದು ತಿಳಿಯುತ್ತಾರೆ. ಅಂಬಾಸಡರಿನಂತಹ ಬ್ರಿಟಿಷ್ ವಂಶದ ಹಳೆಯ ವಾಹನಗಳಲ್ಲಿ ಲೂಕಾಸ್ ಪದ್ಧತಿಯ ಬಣ್ಣಗಳಿದ್ದವು: ಬ್ಯಾಟರಿಯಿಂದ ನೇರ ಬರುವ ತಂತಿ ಕಂದು, ಕೀಲಿ ತಿರುಗಿಸಿದ ಮೇಲೆ ಜೀವ ಬರುವುದು ಬಿಳಿ, ಅದು ಫ್ಯೂಸ್ ದಾಟಿದರೆ ಹಸಿರು, ಹೆಡ್‌ಲೈಟ್ ನೀಲಿ, ಪಕ್ಕದ ಹಾಗೂ ಹಿಂದಿನ ದೀಪ ಕೆಂಪು, ಅರ್ತು ಕಪ್ಪು. ಟ್ರ್ಯಾಕ್ಟರುಗಳಲ್ಲಿ ತಯಾರಕರಿಗೆ ತಕ್ಕಂತೆ ಕ್ರಮ ಬೇರೆಯಿರಬಹುದು. ನಿಮ್ಮ ವಾಹನದ ಕೈಪಿಡಿಯ ಕ್ರಮವನ್ನೇ ಉಳಿಸಿ. ಎಲ್ಲಕ್ಕೂ ಒಂದೇ ಕೆಂಪು ಸುರುಳಿ ತಂದು ಮುಗಿಸಿದರೆ ಕೆಲಸ ಬೇಗ ಆಗುತ್ತದೆ ನಿಜ. ಮುಂದೆ ರಾತ್ರಿ ರಸ್ತೆಯಲ್ಲಿ ದೀಪ ಕೆಟ್ಟಾಗ ಟಾರ್ಚ್ ಹಿಡಿದು ಹನ್ನೆರಡು ಕೆಂಪು ತಂತಿಗಳ ನಡುವೆ ಹುಡುಕಬೇಕಾದವನು ನಿಮ್ಮ ಚಾಲಕ.

ಜೋಡಣೆಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ತಂತಿ ಎಷ್ಟೇ ಒಳ್ಳೆಯದಿದ್ದರೂ ತುದಿಯನ್ನು ಬೆರಳಿನಿಂದ ತಿರುಚಿ ಟೇಪು ಸುತ್ತಿದರೆ ವ್ಯರ್ಥ. ಬಿಸಿಗೆ ಟೇಪಿನ ಅಂಟು ಕರಗಿ ಜಾರುತ್ತದೆ. ತಕ್ಕ ಅಳತೆಯ ಟರ್ಮಿನಲ್ಲನ್ನು ತಕ್ಕ ಉಪಕರಣದಿಂದ ಒತ್ತಿ ಕೂರಿಸಬೇಕು, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹಾಕಬೇಕು. ಬೆಸುಗೆ ಹಾಕಿದರೆ ಇನ್ನೂ ಗಟ್ಟಿ ಎಂಬ ನಂಬಿಕೆ ಇದೆ. ನಡುಗುವ ಜಾಗದಲ್ಲಿ ಬೆಸುಗೆ ಹಾಕಿದ ತುದಿ ಸೆಟೆದು ನಿಂತು, ಸೆಟೆದ ಭಾಗ ಮುಗಿಯುವಲ್ಲೇ ಎಳೆಗಳು ಮುರಿಯುತ್ತವೆ. ತಗಡಿನ ತೂತುಗಳಿಗೆ ರಬ್ಬರ್ ಬಳೆ, ಗೇಣಿಗೊಂದರಂತೆ ಕ್ಲಿಪ್ಪು, ಸೈಲೆನ್ಸರಿನಿಂದ ದೂರ. ಕೆಲಸಕ್ಕೆ ಮುನ್ನ ಬ್ಯಾಟರಿಯ ಅರ್ತು ತಂತಿಯನ್ನು ಮೊದಲು ಬಿಚ್ಚಬೇಕು, ಮುಗಿದ ಮೇಲೆ ಅದನ್ನೇ ಕೊನೆಗೆ ಜೋಡಿಸಬೇಕು. ಬಹಳ ಹಳೆಯ ಕೆಲವು ವಾಹನಗಳಲ್ಲಿ ಪಾಸಿಟಿವ್ ತುದಿಯೇ ಅರ್ತಾಗಿರುವುದುಂಟು, ಆದ್ದರಿಂದ ಊಹೆ ಬೇಡ, ನೋಡಿ ಬಿಚ್ಚಲಿ.

ಎಲ್‌ಇಡಿ ದೀಪ ಹಾಕಿದರೆ ಈ ತಾಪತ್ರಯವೇ ಇಲ್ಲವಲ್ಲ ಎಂದು ಕೆಲವರು ಕೇಳಬಹುದು. ಟ್ರೈಲರಿನ ಹಿಂಬದಿಗೆ ಎಲ್‌ಇಡಿ ಒಳ್ಳೆಯದೇ, ಪ್ರವಾಹ ಬಹಳ ಕಡಿಮೆ, ಬಾಳಿಕೆ ಹೆಚ್ಚು; ಇಂಡಿಕೇಟರಿಗೆ ಹಾಕಿದರೆ ಮಿಣುಕಿಸುವ ಫ್ಲಾಶರನ್ನೂ ಬದಲಿಸಬೇಕಾಗುತ್ತದೆ. ಆದರೆ ಅರ್ತು ಮತ್ತು ತಂತಿಯ ಬಲ ಅದಕ್ಕೂ ಬೇಕು. ಹಳೆಯ ಹೆಡ್‌ಲೈಟಿನ ಬಟ್ಟಲಿಗೆ ಸಿಕ್ಕ ಸಿಕ್ಕ ಎಲ್‌ಇಡಿ ಬಲ್ಬು ತುರುಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಎದುರಿನವನ ಕಣ್ಣು ಕುಕ್ಕುವುದಲ್ಲದೆ ರಸ್ತೆ ಸರಿಯಾಗಿ ಕಾಣುವುದಿಲ್ಲ.

ಹಾಗಾದರೆ ನಡಾವಳಿಯಲ್ಲಿ ಏನು ಬರೆಯಬೇಕು? ದರಪಟ್ಟಿ ಕೇಳುವ ಪತ್ರದಲ್ಲೇ ಈ ಒಕ್ಕಣೆ ಇರಲಿ: 'ಐಎಸ್ 2465ಕ್ಕೆ ಅನುಗುಣವಾದ, ಬಹುಎಳೆಯ ಶುದ್ಧ ತಾಮ್ರದ ವಾಹನ ಕೇಬಲ್, ಹೆಡ್‌ಲೈಟಿಗೆ 2.5 ಚದರ ಮಿ.ಮೀ., ರಿಲೇ ಸಹಿತ. ಟ್ರೈಲರಿನ ದೀಪಗಳಿಗೆ 1.5 ಮತ್ತು ಪ್ರತ್ಯೇಕ ಅರ್ತಿಗೆ 2.5 ಚದರ ಮಿ.ಮೀ.; ಆಲ್ಟರ್ನೇಟರಿಗೆ 6 ಅಥವಾ 10 ಚದರ ಮಿ.ಮೀ.; ಸ್ಟಾರ್ಟರಿಗೂ ಬ್ಯಾಟರಿಯ ಅರ್ತಿಗೂ 50 ಚದರ ಮಿ.ಮೀ.; ಸ್ಟಾರ್ಟರ್ ಹೊರತು ಪ್ರತಿ ಸಾಲಿಗೂ ಬ್ಯಾಟರಿಯ ಬಳಿ ಫ್ಯೂಸ್; ಕೈಪಿಡಿಯಂತೆ ಬಣ್ಣ; ಪ್ರತಿ ಅಳತೆಯ ವೈರಿನ ಮೀಟರ್ ಮತ್ತು ದರವನ್ನು ಪ್ರತ್ಯೇಕವಾಗಿ ನಮೂದಿಸುವುದು.' ಇಷ್ಟಿದ್ದರೆ ಮೂರು ದರಪಟ್ಟಿಗಳು ಒಂದೇ ಕೆಲಸವನ್ನು ಕುರಿತು ಮಾತನಾಡುತ್ತವೆ, ಆಗ ಕಡಿಮೆ ದರವನ್ನು ಒಪ್ಪುವುದಕ್ಕೆ ಅರ್ಥವಿರುತ್ತದೆ. ನಿಮ್ಮ ವಾಹನದ ಬಲ್ಬುಗಳ ವ್ಯಾಟ್ ಅಥವಾ ಉದ್ದ ಬೇರೆಯಾಗಿದ್ದರೆ ನಾನು ಕೊಟ್ಟ ಲೆಕ್ಕದಿಂದ ಅಳತೆಗಳನ್ನು ಬದಲಿಸಿಕೊಳ್ಳಿ. ಹತ್ತಿರದ ಐಟಿಐಯಲ್ಲಿ ಮೋಟಾರು ವಾಹನ ವಿಭಾಗವಿದ್ದರೆ ಅಲ್ಲಿನ ಬೋಧಕರಿಂದ ಪರಿಶೀಲನೆ ಮಾಡಿಸಬಹುದು.

ಬಿಲ್ಲು ಪಾಸು ಮಾಡುವ ಮುನ್ನ ಸಂಜೆ ಕತ್ತಲಾದ ಮೇಲೆ ಟ್ರೈಲರ್ ಕಟ್ಟಿಸಿ, ಎಂಜಿನ್ ಚಾಲೂ ಇಟ್ಟು, ಎಲ್ಲ ದೀಪಗಳನ್ನೂ ಒಟ್ಟಿಗೆ ಹಾಕಿಸಿ. ಒಬ್ಬರು ಬ್ರೇಕ್ ಒತ್ತಲಿ, ಇನ್ನೊಬ್ಬರು ಐವತ್ತು ಹೆಜ್ಜೆ ಹಿಂದೆ ನಿಂತು ನೋಡಲಿ. ಹತ್ತು ನಿಮಿಷದ ನಂತರ ಫ್ಯೂಸ್ ಪೆಟ್ಟಿಗೆಯನ್ನೂ ಜೋಡಣೆಗಳನ್ನೂ ಮುಟ್ಟಿ ನೋಡಲಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಬೆರಳಿಡಲಾಗದಷ್ಟು ಬಿಸಿಯಿದ್ದರೆ ಆ ಜೋಡಣೆಯನ್ನು ಬಿಚ್ಚಿ ಮತ್ತೆ ಮಾಡಿಸಬೇಕು. ಮೀಟರ್ ಇದ್ದರೆ ಬ್ಯಾಟರಿಯ ತುದಿಯಲ್ಲೂ ಹಿಂದಿನ ಬಲ್ಬಿನ ತುದಿಯಲ್ಲೂ ವೋಲ್ಟ್ ಅಳೆದು, ಎರಡರ ಅಂತರ 1 ವೋಲ್ಟಿನೊಳಗೆ ಇದೆಯೇ ಎಂದು ಬರೆದಿಟ್ಟುಕೊಳ್ಳಿ. ಕೊನೆಯದಾಗಿ, ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ಫ್ಯೂಸ್ ಎಷ್ಟರದು ಎಂಬ ನಕ್ಷೆಯನ್ನು ಕೆಲಸ ಮಾಡಿದವರಿಂದಲೇ ಒಂದು ಹಾಳೆಯಲ್ಲಿ ಬರೆಸಿ, ಒಂದು ಪ್ರತಿಯನ್ನು ಕಡತದಲ್ಲಿಯೂ ಇನ್ನೊಂದನ್ನು ವಾಹನದ ಲಾಗ್ ಪುಸ್ತಕದಲ್ಲಿಯೂ ಅಂಟಿಸಿಡಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.